ಮಾದರಿ ೪೧

ಚಿಕ್ಕಮಗಳೂರಿನ ಕಾಲೇಜು, ಗಾಜಿನ ಬೀರು, ಮೂರನೇ ಅರೆ:
ಕೆಂಪು ಗೆರೆ, ಕಪ್ಪು ಗೆರೆ, ಮತ್ತೆ ಕೆಂಪು.
ಚೀಟಿ ಬರೆದವನು ನಾನೇ, ಅಟೆಂಡರ್:
'ಪಟ್ಟೆ ಕಬ್ಬಿಣಶಿಲೆ. ಕೆಮ್ಮಣ್ಣುಗುಂಡಿ. ಹಳೆಯ ಕಡಲತಳ.'
ವಯಸ್ಸಿನ ಸೊನ್ನೆಗಳು ಹಿಡಿಸದೆ
ಕೊನೆಯೆರಡು ಅಂಚಿನಲ್ಲಿ ಬಾಗಿವೆ.

ಅಪ್ಪ ರೋಪ್‌ವೇಯಲ್ಲಿ ತೊಟ್ಟಿ ಎಣಿಸುತ್ತಿದ್ದ.
ಇದೇ ಕಲ್ಲು ದಿನವಿಡೀ ತೂಗಾಡುತ್ತ ಬೆಟ್ಟ ಇಳಿದು
ಭದ್ರಾವತಿಯ ಕುಲುಮೆಗೆ ಹೋಗುತ್ತಿತ್ತು.
ತಾನು ಲೆಕ್ಕ ಬರೆದದ್ದು ಒಂದು ಕಡಲಿಗೆ ಎಂದು
ಅವನಿಗೆ ಯಾರೂ ಹೇಳಲಿಲ್ಲ.

ಬಾಗಿಲ ಬಳಿ ನಿಂತು ನಾನು ಕೇಳಿದ ಪಾಠ ಇಷ್ಟು:
ಆಗ ಮೀನಿಲ್ಲ, ದಂಡೆಯಲ್ಲಿ ಹುಲ್ಲಿಲ್ಲ.
ಕಣ್ಣಿಗೆ ಕಾಣದ ಜೀವಗಳು ಬಿಟ್ಟ ಉಸಿರಿಗೆ
ನೀರೊಳಗೆ ಕರಗಿದ್ದ ಕಬ್ಬಿಣ ತುಕ್ಕು ಹಿಡಿದು
ಮೆಲ್ಲಗೆ, ಬಲು ಮೆಲ್ಲಗೆ, ತಳಕ್ಕಿಳಿಯಿತು.

ಉಳ್ಳಾಲದ ಹುಡುಗಿ ಜುಲೇಖಾ, ಮೊದಲ ವರ್ಷ,
ಕಲ್ಲಿಗೆ ನಾಲಿಗೆ ತಾಗಿಸಿ
"ಉಪ್ಪೇ ಇಲ್ಲವಲ್ಲ ಸಾರ್" ಎಂದಳು.
(ನನ್ನನ್ನು ಸಾರ್ ಎನ್ನುವವಳು ಅವಳೊಬ್ಬಳೇ.)
"ಎಷ್ಟು ಆಳ ಇತ್ತು?"
ಗೊತ್ತಿಲ್ಲಮ್ಮ. ಘಾಟಿ ಇಳಿದು
ನಿಮ್ಮೂರ ಕಡಲನ್ನೂ ನೋಡದವನು ನಾನು.

ಐದು ಗಂಟೆಗೆ ಬೀಗ ಹಾಕುವ ಮುಂಚೆ
ನಾನೂ ನೆಕ್ಕಿದೆ.
ಉಪ್ಪಿಲ್ಲ, ನಿಜ.
ಪಾಳಿ ಮುಗಿಸಿ ಬಂದು, ಎಷ್ಟು ತೊಳೆದರೂ ಕೆಂಪಾದ ಕೈಯಲ್ಲಿ
ಅಪ್ಪ ಕಲಸಿ ಕೊಟ್ಟ
ತುತ್ತಿನ ರುಚಿ.