ಒಂದೇ ಹನಿಗೆ ನೀಲಿ

ಮಡಿಕೇರಿಗೆ ಬಂದ ಮೊದಲ ಬೆಳಗು
ಎಷ್ಟು ತೊಳೆದರೂ ಹೋಗಲಿಲ್ಲ ಸೋಪಿನ ಜಾರು.
ಆರು ಚೊಂಬು, ಏಳು, ಹತ್ತು,
ಮೈ ಇನ್ನೂ ಸಿಪ್ಪೆ ಸುಲಿದ ಲೋಳೆಸರ.
ಬಚ್ಚಲ ಬಾಗಿಲಾಚೆ ಮನೆಯೊಡತಿ ದೇಚಮ್ಮ:
“ಸೋಪು ಯಾವಾಗಲೋ ಹೋಗಿದೆ ಕುಂಞಿ,
ಇಲ್ಲಿನ ನೀರೇ ಹಾಗೆ.
ಹೊರಗೆ ಬಾ, ಕಾಫಿ ಆರುತ್ತಿದೆ.”

ಪಾವಗಡದವಳು ನಾನು.
ನಮ್ಮ ಕಡೆ ನೊರೆ ಬರುವುದಿಲ್ಲ,
ಒಡೆದ ಹಾಲಿನ ಹಾಗೆ ಗರಣೆ ಬರುತ್ತದೆ.
ಹಂಡೆಯ ತಳದಲ್ಲಿ ಬೆರಳು ದಪ್ಪ ಬಿಳಿ ಚಕ್ಕೆ;
ಯುಗಾದಿಯ ಹಿಂದಿನ ದಿನ ಚಿಕ್ಕಪ್ಪ
ಉಳಿ ಹಿಡಿದು ಕೂತರೆ
ಬೀದಿಗೆಲ್ಲ ಕಲ್ಲುಕುಟಿಗರ ಸದ್ದು.
ಐದು ಸೀಟಿಗೂ ಹಟ ಬಿಡದ ತೊಗರಿಬೇಳೆ.
ನನ್ನ ಮುಂದಿನ ಎರಡು ಹಲ್ಲಿನ ಮೇಲೆ
ಕಂದು ಗೀಟು ಎಳೆದಿದ್ದು ಅದೇ ಕೊಳವೆಬಾವಿ
(ಅದು ಗಡಸುತನವಲ್ಲ, ಫ್ಲೋರೈಡು; ಅದರ ಕಾಲಮ್ಮು ಬೇರೆ).
ನಗುವಾಗ ಕೈ ಅಡ್ಡ ಹೋಗುವುದು
ಆವಾಗಿನಿಂದ ಬಂದ ರೂಢಿ.

ಈಗ ನನ್ನ ಅನ್ನ ನೀರಿನ ಪ್ರಯೋಗಾಲಯದಲ್ಲಿ.
ಸೀಸೆಯಲ್ಲಿ ಗೆರೆಯವರೆಗೆ ನೀರು,
ಚಿಟಿಕೆ ಪುಡಿ, ದ್ರಾಕ್ಷಾರಸದ ಕೆಂಪು.
ಆಮೇಲೆ ಹನಿ ಹನಿ ಬಿಟ್ಟು ಎಣಿಸಬೇಕು
ನೀಲಿಯಾಗುವ ತನಕ.
ಊರ ನೀರು ಇಪ್ಪತ್ತನಾಲ್ಕು ಹನಿ ಕೇಳುತ್ತಿತ್ತು,
ಇಪ್ಪತ್ತಮೂರರಲ್ಲೂ ಒಪ್ಪದೆ
ಸೊಸೆಯಂದಿರ ಮುಂದೆ ಕೂತ ಅತ್ತೆಯ ಹಾಗೆ.
ಕೂಟುಹೊಳೆಯ ನೀರಿಗೆ
ಒಂದೇ ಹನಿ.
ತಪ್ಪಿತೇನೋ ಎಂದು ಮತ್ತೆ ಮಾಡಿದೆ.
ಒಂದೇ.
‘ಉತ್ತಮ’ ಎಂದು ಬರೆದು ಸಹಿ ಹಾಕಿದೆ.

ಆ ಉತ್ತಮ ನೀರು
ದೇಚಮ್ಮನ ಬಿಳಿ ಬೇಸಿನ್ನಿನಲ್ಲಿ, ತೊಟ್ಟಿಕ್ಕುವ ಕಡೆ,
ನವಿಲಿನ ಕತ್ತಿನ ಬಣ್ಣದಲ್ಲಿ ಗೆರೆ ಎಳೆದಿತ್ತು.
ಮುಂಜಾನೆಯ ಮೊದಲ ಲೋಟ
ನಾಲಿಗೆಯ ಮೇಲಿಟ್ಟ ಹಳೇ ನಾಣ್ಯ.
ಪ್ಲಂಬರ್ ಮೊಯ್ದು ಬಂದ, ಗೋಡೆ ಒಡೆದ,
ಒಂದು ಮೊಳ ಪೈಪು ಕತ್ತರಿಸಿ ನನ್ನ ಕೈಗಿಟ್ಟ.
ಕಿಟಕಿಗೆ ಹಿಡಿದರೆ
ಮಗ್ಗುಲಲ್ಲಿ ಸೂಜಿಮೊನೆಯಷ್ಟು ಆಕಾಶ.
“ಈ ನೀರಿಗೆ ಹಸಿವು ಮೇಡಂ.
ಬೆಟ್ಟದಿಂದ ಬರಿಗೈಲಿ ಇಳಿದು ಬರುತ್ತದಲ್ಲ,
ತಾಮ್ರ ಸಿಕ್ಕರೆ ತಾಮ್ರ, ಸತು ಸಿಕ್ಕರೆ ಸತು.
ಹಳೇ ಬಂಗಲೆಗಳಲ್ಲಿ
ಬೆಸುಗೆಯ ಸೀಸವನ್ನೂ ಬಿಟ್ಟಿಲ್ಲ.”
ನಮ್ಮೂರ ಪೈಪು ಕಲ್ಲು ನುಂಗಿ ನುಂಗಿ
ಗಂಟಲು ಕಟ್ಟಿ ಸಾಯುತ್ತದೆ ಎಂದೆ.
ಅವನು ತಲೆಯಾಡಿಸಿದ.
ಯಾವ ಸಾವು ಮೇಲು ಎಂದು ಕೇಳಬೇಕೆನಿಸಿತು.
ಅವನಿಗೆ ಇನ್ನೂ ಮೂರು ಮನೆ ಇತ್ತು.

ಮರುದಿನ ವರದಿಯ ಷರಾ ಜಾಗದಲ್ಲಿ
‘ಉತ್ತಮ’ದ ಪಕ್ಕಕ್ಕೆ ಸಣ್ಣಗೆ ಸೇರಿಸಿದೆ:
ಬೆಳಗಿನ ಮೊದಲ ಕೊಡ ಗಿಡಕ್ಕೆ.
ಸಾಹೇಬರು ಅದರ ಮೇಲೆ ಗೆರೆ ಎಳೆದರು.
ನಾನು ಮತ್ತೆ ಬರೆದೆ.

ದಸರೆಗೆ ಊರಿಗೆ ಹೋದವಳು
ಬಟ್ಟೆಗಳ ನಡುವೆ ಸುತ್ತಿ ಒಂದು ಬಾಟಲಿ ನೀರು ತಂದೆ.
ಯಾಕೆ ಎಂದರೆ ಗೊತ್ತಿಲ್ಲ. ಎಣಿಸಿದೆ:
ಇಪ್ಪತ್ತಾರು. ಎರಡು ಹನಿ ಏರಿದೆ ನನ್ನೂರು.
ದೇಚಮ್ಮ ಒಂದು ಗುಟುಕು ಬಾಯಲ್ಲಿ ಹೊರಳಿಸಿ
“ಕಲ್ಲು ಬೇಯಿಸಿ ಬಸಿದ ಸಾರಾ ಇದು?” ಎಂದಳು.
ನಕ್ಕೆ. ಕೈ ಅಡ್ಡ ಹೋಯಿತು,
ಸ್ವಲ್ಪ ತಡವಾಗಿ.

ಉಳಿದದ್ದನ್ನು ಅವಳ ಕೆಟಲಿನಲ್ಲಿ ಕುದಿಸಿದೆ.
ಹನ್ನೊಂದು ವರ್ಷ ಕನ್ನಡಿಯಂತಿದ್ದ ತಳದಲ್ಲಿ
ಬಿಳಿಯದೊಂದು ಉಂಗುರ,
ರಂಗೋಲಿ ಹಾಕಲು ಕೂತು ಎದ್ದುಹೋದಂತೆ.
ತೊಳೆಯಬೇಡಿ ಎಂದೆ. ಅವಳು ತೊಳೆಯಲಿಲ್ಲ.
ರಾತ್ರಿ ಕೂಟುಹೊಳೆಯ ನೀರು ತುಂಬಿಡುವುದು,
ಬೆಳಿಗ್ಗೆ ಕಾಫಿ.
ಉಂಗುರ ಬಳೆಚೂರಾಯಿತು,
ಬಳೆಚೂರು ಉಗುರಾಯಿತು,
ಎಂಟನೇ ಬೆಳಿಗ್ಗೆ ಬಗ್ಗಿ ನೋಡಿದರೆ
ತಳದಲ್ಲಿ ನನ್ನ ಮುಖವಷ್ಟೇ.

ಆ ವಾರದ ಕಾಫಿಯನ್ನು
ಇಬ್ಬರೂ ಕುಡಿದಿದ್ದೆವು.
ದೇಚಮ್ಮನಿಗೆ ಏನೂ ಗೊತ್ತಾಗಲಿಲ್ಲವಂತೆ.