ಮೀಸೆ

ಬಾಯಾರಿನ ಮುರಕಲ್ಲ ಗುಡ್ಡದೊಳಗೆ
ಎಪ್ಪತ್ತು ಕೋಲು ಹೋದ ಮೇಲೆ
ಅಪ್ಪನ ಪಿಕಾಸಿಗೆ ನೀರು ಸಿಕ್ಕಿತು.
ನೀರಿನ ಜೊತೆ ಅದೂ ಬಂತು.

ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು
ನನ್ನ ಉತ್ತರಪತ್ರಿಕೆಗಳ ಪಕ್ಕ ಇಟ್ಟರು.
ಬೆರಳುದ್ದ. ಒಸಡಿನ ಬಣ್ಣ.
ಕಣ್ಣಿರಬೇಕಾದಲ್ಲಿ
ಬರೀ ಚರ್ಮ.

"ಕೆಲಸವಿಲ್ಲದೆ ಹೋದದ್ದು ಮಗಾ,
ತೆರೆಯದ ಬೀಗ ತುಕ್ಕು ಹಿಡಿದ ಹಾಗೆ."

ಹತ್ತನೇ ಕ್ಲಾಸಿಗೆ ಜೀವಶಾಸ್ತ್ರ ಹೇಳುವವಳು,
ತಿದ್ದದೆ ಇರಲಾಗಲಿಲ್ಲ.
ಹಾಗಲ್ಲ ಅಪ್ಪ.
ನಲವತ್ತು ವರ್ಷ ಅಗೆದು ನಿಮ್ಮ ಬೆನ್ನು ಬಿಲ್ಲಾಯಿತು,
ನಾನು ಹುಟ್ಟಿದ್ದು ನೆಟ್ಟಗೇ.
ನಿಮ್ಮ ಅಂಗೈಯ ಜಡ್ಡು
ನನಗೆ ಪಾಲು ಬರಲಿಲ್ಲ.

ಬಿಸಿಲ ಹೊಳೆಯಲ್ಲಿ
ಕಣ್ಣು ಮಂಜಾದ ಮರಿಯನ್ನು
ಮಿಂಚುಳ್ಳಿ ಮೊದಲು ಎತ್ತುತ್ತದೆ.
ಒಳಗೆ ಎತ್ತುವವರು ಯಾರು?
ನಕಲು ಮಾಡುವಾಗ ತಪ್ಪಿದ ಒಂದಕ್ಷರ
ತಾಯಿಯಿಂದ ಮರಿಗೆ, ಅದರ ಮರಿಗೆ,
ಕೆಂಪು ಶಾಯಿ ಬೀಳದೆ ದಾಟಿತು.
ಕುರುಡು ಗೆದ್ದದ್ದಲ್ಲ;
ಸೋಲಿಸುವವರು ಇರಲಿಲ್ಲ, ಅಷ್ಟೆ.

ಮತ್ತೆ, ಕಣ್ಣೆಂದರೆ ಪುಕ್ಕಟೆಯೇ?
ಅದಕ್ಕೂ ದಿನಾ ಕೂಳು ಹಾಕಬೇಕು.
ಹಸಿದ ಕತ್ತಲಲ್ಲಿ
ಅದಿಲ್ಲದ ಮೀನಿಗೆ ಒಂದು ತುತ್ತು ಉಳಿತಾಯ.
ಒಂದು ತುತ್ತು, ಎಷ್ಟೋ ಸಾವಿರ ತಲೆಮಾರು.

ಸುರಂಗದ ಕೊಗ್ಗು ಎಂದರೆ
ಊರಿಗೇ ಗೊತ್ತು, ಬೇಗ ಒಪ್ಪುವವರಲ್ಲ.
ಬೀಡಿ ಆರಿಸಿ,
"ಹಾಗಾದರೆ ಮೀಸೆ?" ಅಂದರು.

ಹೌದು, ಮೀಸೆ.
ಮೈಯ ಅರ್ಧದಷ್ಟು ಉದ್ದ,
ಬಾಟಲಿಯ ಗಾಜನ್ನು ಸುತ್ತಲೂ ತಡವುತ್ತಿತ್ತು
ಮೇಣದಬತ್ತಿ ಆರಿದಾಗ
ಅಪ್ಪ ಗೋಡೆ ತಡವುವ ಹಾಗೆ.

ಉತ್ತರ ನನಗೆ ಗೊತ್ತಿತ್ತು.
ಬಾಯಿ ತೆರೆಯುವಷ್ಟರಲ್ಲಿ
ಬಾಟಲಿ ಕಂಕುಳಲ್ಲಿಟ್ಟು ಎದ್ದಿದ್ದರು:
"ಮತ್ತೆ ಹೇಳುವಿಯಂತೆ.
ಇದಕ್ಕೆ ಇಲ್ಲೇನುಂಟು, ಬಿಟ್ಟು ಬರುತ್ತೇನೆ.
ಒಂದು ಬತ್ತಿ ಕೊಡು."