ಎರಡು ನೂಲು

ಜೂನ್ ಮುಗಿಯಿತು. ಶಾಲೆಗಳ ಗಿರಾಕಿ ಇಳಿಯಿತು.
ಭವಾನಿ ಪೇಠೆಯ ಈ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ಚೀಲದ ತುಂಬ ಉಳಿದದ್ದು ಯೂನಿಫಾರ್ಮಿನ ಚೂರು:
ಬಾಟಲಿ ಹಸಿರು, ಖಾಕಿ, ಮುನ್ಸಿಪಾಲ್ಟಿಯ ತಿಳಿ ನೀಲಿ,
ಕಾನ್ವೆಂಟಿನ ಕೆಂಪು ಚೌಕಡಿ.
ಬೆಳಗ್ಗೆ ಒಂದೇ ರಸ್ತೆಯಲ್ಲಿ ಒಂದನ್ನೊಂದು
ನೋಡದೆ ಹೋಗುವ ಬಣ್ಣಗಳು.

ಒಂದು ಚಿಕ್ಕಿ ಹೊಲಿಯಬೇಕೆನ್ನಿಸಿತು,
ಕೌದಿಯ ನಟ್ಟನಡುವೆ, ಎಂಟು ಮೊನೆಯದು.
ಯಾರ ಎದೆಯಳತೆಯೂ ಅಲ್ಲದ್ದು,
ಟ್ರಯಲ್ಲಿಗೆ ಯಾರೂ ಬಾರದ್ದು.

ಅತ್ತೆ ಗುರುಬಸವ್ವ ಬಾಗಿಲ ಬಳಿ ಕೂತು ನಕ್ಕಳು.
ಅವಳದು ಕಣ್ಣಳತೆ. ಸಿಂದಗಿಯಲ್ಲಿದ್ದಾಗ
ಹಳೆ ಸೀರೆ ಹಾಸಿ, ಅಂಚಿನಿಂದ ಹೊರಟು
ಸುತ್ತಿ ಸುತ್ತಿ ನಡುವಿಗೆ ಬಂದು ಮುಟ್ಟುತ್ತಿದ್ದವಳು.
'ಹೊಚ್ಚಿಕೊಳ್ಳೂದಕ ಯಾಕವ್ವಾ ಪಟ್ಟಿ ಹಿಡೀತಿ?
ನಿದ್ದಿಗೆ ಯಾರರ ಲೆಕ್ಕ ಕೇಳತಾರೇನು?'

ಮೊದಲ ಚಿಕ್ಕಿಯ ಮೂಗು ಹೋಯಿತು.
ಎಂಟರಲ್ಲಿ ಐದು ಮೊನೆ ಹೊಲಿಗೆಯೊಳಗೆ ಮುಳುಗಿ
ಮೊಂಡಾಗಿ ಕೂತವು, ಹೊಸ ಪೆನ್ಸಿಲ್ಲನ್ನು
ಮೊದಲ ದಿನವೇ ಒತ್ತಿ ಬರೆದ ಹಾಗೆ.
ಮೊನೆಯಾಚೆ ಎರಡು ನೂಲು ಬಿಡಬೇಕಿತ್ತು.
ಪಕ್ಕದ ಕಾಟಕರ ಮಾಸ್ತರ ಅದನ್ನು ಸೂತ ಅನ್ನುತ್ತಾರೆ,
ನಮ್ಮೂರ ಬಡಿಗ ನೂಲು ಅನ್ನುತ್ತಿದ್ದ,
ಇಂಚನ್ನು ಎಂಟಾಗಿ ಸೀಳಿದರೆ ಒಂದು.
ಅಷ್ಟು ಬಿಟ್ಟರೆ ಮಾತ್ರ, ಮುಂದಿನ ಹೊಲಿಗೆ
ಅದನ್ನು ತಿಂದು, ಮೊನೆಯನ್ನು ಉಳಿಸುತ್ತದೆ.

ಬಿಚ್ಚಿದೆ. ಬ್ಲೇಡಿನಿಂದ, ಮೂರನೆಯ ಟಾಕಿಗೊಂದು ಟಾಕಿ.
ಇಸ್ತ್ರಿ ಎಳೆಯದೆ, ಒತ್ತಿದೆ.
ಮತ್ತೆ ಕೂಡಿಸಿದೆ.
ಈ ಸಲ ಎಂಟೂ ಮೊನೆ ಚುಚ್ಚುವಂತಿದ್ದವು.

ದಡಿ ಇಡುವ ಹೊತ್ತಿಗೆ ಟೇಪು ಹಿಡಿದೆ:
ಎಡಗಡೆ ಇಪ್ಪತ್ತನಾಲ್ಕು ಮುಕ್ಕಾಲು.
ಬಲಗಡೆ ಇಪ್ಪತ್ತೈದು.
ಒಂದೇ ಚೌಕ!

ತಪ್ಪು ನನ್ನದೇ. ಚೂರು ಉಳಿಸುವ ಆಸೆಗೆ
ಖಾಕಿಯನ್ನು ಕ್ರಾಸ್ ಕತ್ತರಿಸಿದ್ದೆ.
ಕ್ರಾಸ್ ಬಟ್ಟೆ ಎಳೆದವರ ಕಡೆಗೆ ಬರುತ್ತದೆ;
ಕೈಯಾಡಿದಷ್ಟೂ ಹಿಗ್ಗುತ್ತದೆ.
ಅಂಚನ್ನು ನಂಬಿ ಪಟ್ಟಿ ಹಚ್ಚಿದರೆ
ದಡಿಯೆಲ್ಲ ಹಪ್ಪಳದ ಹಾಗೆ ತೆರೆತೆರೆ.

ಮಧ್ಯಾಹ್ನ ಕರೆಂಟು ಹೋಯಿತು. ಕಾಟಕರ ಮಾಸ್ತರ
ಚಹದ ಗ್ಲಾಸು ಹಿಡಿದು ಬಂದು, ನೋಡಿ,
ಚಿಕ್ಕಿಯ ಹೊಟ್ಟೆಯ ಮೇಲೆ ಬೆರಳೆಳೆದು ಹೋದರು.
ಮಾತಿಲ್ಲ.

ಹೊಟ್ಟೆಯ ಮೇಲೆ ಅಳೆದೆ:
ಇಪ್ಪತ್ತನಾಲ್ಕೂವರೆ. ಅತ್ತಿತ್ತಲೂ ಅಷ್ಟೇ, ಮೇಲೆ ಕೆಳಗೂ ಅಷ್ಟೇ.

ಬಿಳಿ ಪಾಪ್ಲಿನ್ನಿನ ಎರಡು ಪಟ್ಟಿ ಅದೇ ಅಳತೆಗೆ ಹರಿದೆ.
ನಡುವಿಗೊಂದು ಟಾಚಣಿ, ತುದಿಗೊಂದೊಂದು,
ಅವುಗಳ ನಡುವೆ ಮತ್ತೊಂದೊಂದು.
ಹೆಚ್ಚಿಗೆ ಇದ್ದ ಬಟ್ಟೆಯನ್ನು ಕೆಳಗೆ ಹಾಕಿ
ಮಿಷನ್ನಿನ ಹಲ್ಲಿಗೆ ಕೊಟ್ಟೆ.
ಅದು ತಿನ್ನುತ್ತದೆ, ಸಾವಕಾಶ,
ನೆರಿಗೆ ಬೀಳಿಸದೆ.

ಆಮೇಲೆ ಮೇಲಿನದು, ಕೆಳಗಿನದು:
ಹೊಸ ದಡಿಯನ್ನೂ ಸೇರಿಸಿ ಮತ್ತೆ ನಡುವೆ ಅಳೆದು,
ಮೂವತ್ತೂವರೆ.
ನೆಲಕ್ಕೆ ಹಾಸಿದೆ. ನಾಲ್ಕೂ ಮೂಲೆ
ಫರಸಿಯ ಗೆರೆಗೆ ಹೋಗಿ ಕೂತವು.
ಹಸಿರು, ಖಾಕಿ, ನೀಲಿ, ಚೌಕಡಿ
ಒಂದರ ಪಕ್ಕ ಒಂದು, ಬೇರೆ ದಾರಿಯಿಲ್ಲದೆ.

ಅತ್ತೆಯ ಎಡಗಣ್ಣಿಗೆ ಹೋದ ತಿಂಗಳು ಸಸೂನಿನಲ್ಲಿ
ಆಪರೇಷನ್. ಬಲಗಣ್ಣು ಇನ್ನೂ ಬಾಕಿ.
ನೋಡಲಿಲ್ಲ ಅವಳು. ಬಗ್ಗಿ,
ದಡಿಯ ಹೊಲಿಗೆಯ ಗುಂಟ ಬೆರಳಾಡಿಸುತ್ತ ಹೋದಳು,
ಜೋಳದಲ್ಲಿ ಹರಳು ಹುಡುಕುವ ಹಾಗೆ.
ಬಲಗಡೆ, ಖಾಕಿಯ ಹತ್ತಿರ, ನಿಂತಳು.

'ಇಲ್ಲಿ ಏನೋ ನುಂಗೀದಿ.'

ಅರ್ಧ ಇಂಚು, ಅಂದೆ.

'ಹೂಂ,' ಅಂದಳು,
ಬೆರಳು ತೆಗೆಯಲಿಲ್ಲ.